ಆಕಳಿಸುವಾಗ ಮಾತ್ರ ಅಪ್ಪಯ್ಯನ ಕೈ ಏಳುತ್ತದೆ, ಇದು ಹೇಗೆ?

ಸಾಗರದ_ಮಗಳು · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಅಪ್ಪಯ್ಯನಿಗೆ 67 ವರ್ಷ. ಎಂಟು ತಿಂಗಳ ಹಿಂದೆ ಲಕ್ವ ಹೊಡೆಯಿತು. ಮಿದುಳಿನ ಬಲಭಾಗಕ್ಕೆ ರಕ್ತ ಹೋಗುವ ದೊಡ್ಡ ನಾಳದಲ್ಲಿ ಹೆಪ್ಪು ಕೂತಿದೆ ಅಂತ ಸ್ಕ್ಯಾನ್ ನೋಡಿ ಹೇಳಿದರು. ಮಾತು ಉಳಿದಿದೆ. ಕೋಲು ಹಿಡಿದು, ಎಡಗಾಲು ಎಳೆದುಕೊಂಡು ಬಚ್ಚಲಿಗೆ ಹೋಗಿ ಬರುತ್ತಾರೆ. ಎಡಗೈ ಮಾತ್ರ ಪೂರ್ತಿ ಬಿದ್ದುಹೋಗಿದೆ. ಮೊಣಕೈ ಮಡಚಿಕೊಂಡು ಬೆರಳು ಮುಷ್ಟಿ ಕಟ್ಟಿಕೊಂಡಿವೆ. ಅಡಿಕೆ ಸುಲಿಯುವುದರಲ್ಲಿ ಊರಿಗೇ ಹೆಸರಾದವರು. ಮೆಟ್ಟುಗತ್ತಿ ಮುಂದೆ ಕೂತರೆ ಯಾವ ಕೈ ಎಲ್ಲಿದೆ ಅಂತ ಗೊತ್ತಾಗುತ್ತಿರಲಿಲ್ಲ, ಅಷ್ಟು ಚುರುಕು.

ಮೊನ್ನೆ ಊಟ ಮುಗಿಸಿ ಜಗುಲಿಯಲ್ಲಿ ಕೂತಿದ್ದರು. ದೊಡ್ಡದಾಗಿ ಒಂದು ಆಕಳಿಕೆ ಬಂತು. ಬಾಯಿ ತೆರೆಯುತ್ತಿದ್ದ ಹಾಗೇ ತೊಡೆ ಮೇಲಿದ್ದ ಎಡಗೈ ನಿಧಾನವಾಗಿ ಎದ್ದಿತು. ಎದೆ ಮಟ್ಟಕ್ಕೆ ಬಂತು. ಮುಷ್ಟಿ ಒಂಚೂರು ಸಡಿಲವಾಯಿತು. ಬಾಯಿ ಮುಚ್ಚಿದ ಮೇಲೆ ಮತ್ತೆ ತೊಡೆ ಮೇಲೆ ಬಿತ್ತು. ನಾನು ಕಣ್ಣಾರೆ ನೋಡಿದ್ದೇನೆ. "ಈಗ ಎತ್ತಿ ಅಪ್ಪಯ್ಯ" ಅಂದೆ. ಹಣೆಯಲ್ಲಿ ಬೆವರು ಬರುವಷ್ಟು ಪ್ರಯತ್ನಪಟ್ಟರು. ಒಂದು ಅಂಗುಲವೂ ಅಲುಗಲಿಲ್ಲ.

ದೊಡ್ಡಪ್ಪ ಇದನ್ನು ನೋಡಿ "ಕೈಯಲ್ಲಿ ಶಕ್ತಿ ಇದೆ, ಇವನೇ ಮನಸ್ಸು ಮಾಡ್ತಿಲ್ಲ" ಅಂದುಬಿಟ್ಟರು. ಅಮ್ಮನಿಗೂ ಅದೇ ತಲೆಯಲ್ಲಿ ಕೂತಿದೆ. ಅಪ್ಪಯ್ಯ ಎರಡು ದಿನದಿಂದ ಯಾರ ಹತ್ತಿರವೂ ಸರಿಯಾಗಿ ಮಾತಾಡುತ್ತಿಲ್ಲ. ಆ ಕೈಗೆ ಜೀವ ಇದೆಯೋ ಇಲ್ಲವೋ, ಯಾರಾದರೂ ತಿಳಿದವರು ಹೇಳಿ.

ಹೊಳೆದಂಡೆ · 9:58

ನಮ್ಮ ಮಾವನವರಿಗೂ ಹೀಗೇ ಆಗುತ್ತಿತ್ತು! ನಾವು ಮಂಜುನಾಥ ಕಣ್ಣುಬಿಟ್ಟ ಅಂದುಕೊಂಡು ಧರ್ಮಸ್ಥಳಕ್ಕೆ ಹರಕೆ ಹೇಳಿಕೊಂಡಿದ್ದೆವು. ಆಮೇಲೆ ನೋಡಿದರೆ ಆಕಳಿಕೆ ಬಂದಾಗ ಮಾತ್ರ.

ಫಿಸಿಯೋ_ಹುಬ್ಬಳ್ಳಿ · 10:31

ಅಕ್ಕಾ, ಮೊದಲು ಇದನ್ನು ನಿಮ್ಮ ದೊಡ್ಡಪ್ಪನವರಿಗೆ ಓದಿ ಹೇಳಿರಿ. ನಿಮ್ಮ ತಂದೆಯವರು ನಾಟಕ ಮಾಡುತ್ತಿಲ್ಲ. ನಾನು ಹನ್ನೆರಡು ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ, ಇದನ್ನು ನಾಲ್ಕೈದು ಮಂದಿಯಲ್ಲಿ ನೋಡಿದ್ದೇನೆ.

ಕೈ ಸತ್ತಿಲ್ಲ. ಸ್ನಾಯು ಇದೆ, ಬೆನ್ನುಹುರಿಯಿಂದ ಕೈಗೆ ಬರುವ ನರವೂ ಇದೆ. ಕೆಟ್ಟಿರುವುದು ಅದಕ್ಕಿಂತ ಮೇಲಿನ ದಾರಿ. ನಾವು ಬೇಕು ಅಂತ ಕೈ ಎತ್ತುವಾಗ ಅಪ್ಪಣೆ ಹೊರಡುವುದು ಮಿದುಳಿನ ಮೇಲ್ಪದರದಿಂದ. ಒಂದೊಂದು ಕಡೆಯಿಂದಲೂ ಸುಮಾರು ಹತ್ತು ಲಕ್ಷ ಎಳೆಗಳು ಹೊರಟು, ಮಿದುಳಿನ ಒಳಗೆ ಒಂದು ಇಕ್ಕಟ್ಟಿನ ಜಾಗದಲ್ಲಿ ಒತ್ತೊತ್ತಾಗಿ ಕೆಳಗಿಳಿಯುತ್ತವೆ. ಬೆನ್ನುಹುರಿ ಶುರುವಾಗುವ ಮುಂಚೆ ಅವುಗಳಲ್ಲಿ ಹೆಚ್ಚಿನವು ಆಚೆ ಕಡೆಗೆ ದಾಟುತ್ತವೆ. ಬಲ ಮಿದುಳಿಗೆ ಪೆಟ್ಟಾದರೆ ಎಡ ಮೈ ಬೀಳುವುದು ಅದಕ್ಕೇ.

ನಿಮ್ಮ ಕಡೆಯ ಉದಾಹರಣೆಯನ್ನೇ ಕೊಡುತ್ತೇನೆ. ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿಯಿತು ಅಂದುಕೊಳ್ಳಿರಿ. ಶಿವಮೊಗ್ಗದಲ್ಲಿ ಬಸ್ಸು ಕೆಟ್ಟಿಲ್ಲ, ಉಡುಪಿಯೂ ಇದ್ದಲ್ಲೇ ಇದೆ. ನಡುವೆ ದಾರಿ ಇಲ್ಲ, ಅಷ್ಟೇ. ನಿಮ್ಮ ತಂದೆಯವರು ಬೆವರು ಸುರಿಸಿ ಕೊಟ್ಟ ಅಪ್ಪಣೆ ಆ ಮಣ್ಣಿನ ರಾಶಿಯ ಮುಂದೆ ನಿಂತುಬಿಡುತ್ತದೆ.

ಆಕಳಿಕೆ ಆ ದಾರಿಯಲ್ಲಿ ಬರುವುದೇ ಇಲ್ಲ. ಅದು ಹುಟ್ಟುವುದು ಮಿದುಳಿನ ತಳಭಾಗದಲ್ಲಿ, ಮಿದುಳುಕಾಂಡದ ಸುತ್ತಮುತ್ತ. ಉಸಿರಾಟ, ನುಂಗುವುದು, ಎದೆಬಡಿತದ ಏರಿಳಿತ ಎಲ್ಲ ನೋಡಿಕೊಳ್ಳುವ ಹಳೇ ಜಾಗ ಅದು. ಅಲ್ಲಿಂದ ಬೆನ್ನುಹುರಿಗೆ ಬೇರೆ ಹಳೇ ದಾರಿಗಳಿವೆ. ಹುಲಿಕಲ್ ಘಾಟಿ ಸುತ್ತಿಕೊಂಡು ಬಂದ ಹಾಗೆ. ಆ ದಾರಿಗಳು ಭುಜ, ಬೆನ್ನು, ಸೊಂಟ ಇಂಥವನ್ನೇ ಜಾಸ್ತಿ ನೋಡಿಕೊಳ್ಳುತ್ತವೆ. ಬೆರಳಿನ ನಾಜೂಕು ಕೆಲಸ ಅವಕ್ಕೆ ಬರುವುದಿಲ್ಲ. ನೀವು ಬರೆದದ್ದನ್ನೇ ನೋಡಿರಿ: ತೋಳು ಎದೆ ತನಕ ಬಂತು, ಬೆರಳು ಒಂಚೂರು ಮಾತ್ರ ಸಡಿಲವಾಯಿತು.

ಪಿಯು_ಮೇಷ್ಟ್ರು · 10:52

ಇದಕ್ಕೆ ಹೆಸರೂ ಇದೆ: ಪ್ಯಾರಾಕೈನೀಸಿಯ ಬ್ರೇಕಿಯಾಲಿಸ್ ಆಸಿಟಾನ್ಸ್. 2005ರಲ್ಲಿ ಫ್ರಾನ್ಸಿನ ವೈದ್ಯರು ಇಟ್ಟದ್ದು. ಆದರೆ ಹೀಗಾಗುತ್ತದೆ ಅನ್ನುವುದನ್ನು 19ನೇ ಶತಮಾನದ ವೈದ್ಯರೇ ಬರೆದಿಟ್ಟಿದ್ದರು. ದೊಡ್ಡಪ್ಪನವರ ಮುಂದೆ ಈ ಹೆಸರನ್ನು ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಆಕಳಿಕೆ ಎಷ್ಟು ಹಳೆಯದು ಅಂದರೆ, ಗರ್ಭದಲ್ಲಿ ನಾಲ್ಕು ತಿಂಗಳು ತುಂಬದ ಕೂಸೂ ಆಕಳಿಸುತ್ತದೆ, ಸ್ಕ್ಯಾನಿನಲ್ಲಿ ಕಾಣುತ್ತದೆ. ಮೇಲಿನ ಮಿದುಳೇ ಬೆಳೆಯದೆ ಹುಟ್ಟಿದ ಶಿಶುಗಳು ಕೂಡ ಆಕಳಿಸಿದ್ದನ್ನು ನೋಡಿದವರಿದ್ದಾರೆ.

ಒಂದು ಸಣ್ಣ ಪರೀಕ್ಷೆ ಮಾಡಿ. ತಂದೆಯವರಿಗೆ "ಫೋಟೋಕ್ಕೆ ಹಲ್ಲು ಬಿಡಿ" ಅನ್ನಿ, ಬಾಯಿ ಎತ್ತ ವಾಲುತ್ತದೆ ನೋಡಿ. ಆಮೇಲೆ ಅವರಿಗೆ ಗೊತ್ತಿಲ್ಲದ ಹಾಗೆ, ನಿಜವಾಗಿ ನಗು ಬಂದಾಗ ನೋಡಿ.

ಸಾಗರದ_ಮಗಳು · ಸೋಮವಾರ ಬೆಳಿಗ್ಗೆ 7:15

ಮೇಷ್ಟ್ರೇ, ನಿಮಗೆ ಹೇಗೆ ಗೊತ್ತಾಯಿತು? ಫೋಟೋಕ್ಕೆ ಅಂದರೆ ಬಾಯಿ ಬಲಕ್ಕೆ ಎಳೆದುಕೊಳ್ಳುತ್ತದೆ, ಎಡಗಡೆ ಹಾಗೇ ಇರುತ್ತದೆ. ಈಗ ಅರ್ಧ ಗಂಟೆ ಮುಂಚೆ ಮಗಳು ಹಾಲು ಕುಡಿದು ಬಿಳಿ ಮೀಸೆ ಇಟ್ಟುಕೊಂಡು ಅವರ ಮುಂದೆ ನಿಂತಳು. ಎರಡೂ ಕಡೆ ಸಮವಾಗಿ ನಕ್ಕರು! ಎಂಟು ತಿಂಗಳಲ್ಲಿ ನಾನು ಇದನ್ನು ಗಮನಿಸಿಯೇ ಇರಲಿಲ್ಲ.

ಪಿಯು_ಮೇಷ್ಟ್ರು · 7:40

ಅದೇ ಲೆಕ್ಕ. ಬೇಕು ಅಂತ ನಗುವುದು ಮುಚ್ಚಿಹೋದ ದಾರಿಯಲ್ಲಿ, ತಾನಾಗಿ ಬರುವ ನಗು ಇನ್ನೊಂದರಲ್ಲಿ. ಹುಬ್ಬು ಏರಿಸಿ ಅನ್ನಿ, ಎರಡೂ ಏರುತ್ತವೆ. ಹಣೆಗೆ ಎರಡೂ ಕಡೆಯ ಮಿದುಳಿನಿಂದ ಅಪ್ಪಣೆ ಬರುತ್ತದೆ, ಹಾಗಾಗಿ ಒಂದು ಕಡೆ ಹೋದರೂ ನಡೆಯುತ್ತದೆ. ಹಣೆಯೂ ಸೇರಿ ಅರ್ಧ ಮುಖ ಪೂರ್ತಿ ಬಿದ್ದು, ಕೈಕಾಲು ಸರಿ ಇದ್ದರೆ ಅದು ಹೆಚ್ಚಾಗಿ ಮುಖದ ನರದ್ದೇ ತೊಂದರೆ, ಮಿದುಳಿನದ್ದಲ್ಲ. ಆದರೆ ಇದನ್ನು ಮನೆಯಲ್ಲಿ ತೀರ್ಮಾನ ಮಾಡಿಕೊಂಡು ಕೂರಬೇಡಿ. ಮುಖ ವಾಲಿತು ಅಂದರೆ ಆಸ್ಪತ್ರೆ, ಅಷ್ಟೇ.

ಸಂತೆ_ಸಿದ್ದ · 8:05

ಪಾರಿವಾಳದ ಬಿಸಿ ರಕ್ತ ಹಚ್ಚಿ ಬಿಸಿಲಲ್ಲಿ ಕೂರಿಸಿ. ನಮ್ಮೂರಲ್ಲಿ ಮೂರು ಜನಕ್ಕೆ ವಾಸಿಯಾಗಿದೆ.

ರಾತ್ರಿಪಾಳಿ · 8:11

ನಮ್ಮಜ್ಜನಿಗೂ ಹಚ್ಚಿದ್ದರು ಸಿದ್ದಣ್ಣ. ಹದಿನಾಲ್ಕು ಪಾರಿವಾಳ ಆಯಿತು. ಅಜ್ಜನ ಕೈಯೂ ಏಳಲಿಲ್ಲ, ಪಾರಿವಾಳಗಳೂ ಏಳಲಿಲ್ಲ.

ನಾನು ನರ್ಸ್. ತಮಾಷೆ ಬಿಟ್ಟು ಹೇಳುತ್ತೇನೆ. ಲಕ್ವದಲ್ಲಿ ತಾನಾಗಿ ಬರುವ ಚೇತರಿಕೆ ಮೊದಲ ಮೂರು ತಿಂಗಳಲ್ಲೇ ಜಾಸ್ತಿ. ಮುಖದ ನರ ಬಿದ್ದವರಲ್ಲಂತೂ ಹೆಚ್ಚಿನವರಿಗೆ ತಾನಾಗೇ ಸರಿಹೋಗುತ್ತದೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಏನಿತ್ತೋ ಅದಕ್ಕೆ ಹೆಸರು ಬರುತ್ತದೆ. ರಕ್ತ ಹಚ್ಚಿದ್ದರಿಂದ ತೊಂದರೆ ಏನು ಅಂತ ಕೇಳಬಹುದು. ಹೋಗುವ ಸಮಯವೇ ತೊಂದರೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮಲಗಿ ಎದ್ದಾಗ ಬಿದ್ದಿದ್ದರೆ, ಎದ್ದ ಹೊತ್ತಿನಿಂದಲ್ಲ, ಹಿಂದಿನ ರಾತ್ರಿ ಸರಿ ಇದ್ದದ್ದನ್ನು ಕೊನೆಗೆ ಯಾರು ಯಾವಾಗ ನೋಡಿದರೋ ಅಲ್ಲಿಂದ ಲೆಕ್ಕ. ದೊಡ್ಡ ನಾಳ ಕಟ್ಟಿಕೊಂಡಾಗ ಒಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ 2006ರಲ್ಲಿ ಒಂದು ಅಂದಾಜು ಬಂದಿತ್ತು. ನಮ್ಮ ವಾರ್ಡಿಗೆ ಬರುವವರು "ಬೆಳಿಗ್ಗೆ ಎಣ್ಣೆ ತಿಕ್ಕಿಸಿದೆವು, ಮಧ್ಯಾಹ್ನ ಸ್ವಲ್ಪ ನೋಡೋಣ ಅಂದುಕೊಂಡೆವು" ಅನ್ನುತ್ತಾರೆ. ಬಾಯಿ ವಾಲಿತು, ಕೈ ಜಾರಿತು, ಮಾತು ತೊದಲಿತು. ಮೂರರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ.

ಸಾಗರದ_ಮಗಳು · 8:30

ನಮ್ಮದೂ ಅದೇ ಕಥೆ. ಮೊದಲು ಹೋದ ಕಡೆ ಗ್ಯಾಸ್ ಅಂದರು, ಮಾತ್ರೆ ಕೊಟ್ಟರು. ಸರಿಯಾದ ಜಾಗಕ್ಕೆ ಮುಟ್ಟುವಾಗ ಒಂಬತ್ತು ಗಂಟೆ ಕಳೆದಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಇರಲಿ ಬಿಡಿ.

ಫಿಸಿಯೋ ಅಣ್ಣಾ, ಇನ್ನೊಂದು ಕೇಳಬೇಕಿತ್ತು. ಮೊದಲ ವಾರ ಆ ಕೈ ಒದ್ದೆ ಬಟ್ಟೆ ಥರ ಜೋಲುತ್ತಿತ್ತು. ಈಗ ನೋಡಿದರೆ ಕಬ್ಬಿಣ. ಬೆರಳು ಬಿಡಿಸಿ ಉಗುರು ಕತ್ತರಿಸಲು ಇಬ್ಬರು ಬೇಕು. ಬಿಗಿ ಬಂದಿದೆ ಅಂದರೆ ಶಕ್ತಿ ಬರುತ್ತಿದೆ ಅಂತಲಾ?

ಫಿಸಿಯೋ_ಹುಬ್ಬಳ್ಳಿ · ಮಧ್ಯಾಹ್ನ 1:20

ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ಬಿಗಿ ಬೇರೆ, ಶಕ್ತಿ ಬೇರೆ. ಬಿಸಿ ಕಾವಲಿಗೆ ಬೆರಳು ತಾಗಿದಾಗ ಏನಾಗುತ್ತದೆ ನೆನಪು ಮಾಡಿಕೊಳ್ಳಿರಿ. ಕೈ ಮೊದಲು ಹಿಂದಕ್ಕೆ ಬರುತ್ತದೆ, "ಅಯ್ಯೋ" ಆಮೇಲೆ. ಉರಿ ಅಂತೂ ಇನ್ನೂ ತಡ. ನಿಧಾನದ ಉರಿಯನ್ನು ತರುವ ಸಪೂರ ನರದಲ್ಲಿ ಸುದ್ದಿ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು ಬರುತ್ತದೆ, ನಾವು ನಡೆಯುವಷ್ಟೇ ವೇಗ. ಸ್ನಾಯುವಿಗೆ ಅಪ್ಪಣೆ ಒಯ್ಯುವ ದಪ್ಪ ನರದಲ್ಲಿ ಅದು ಸೆಕೆಂಡಿಗೆ ಐವತ್ತು ಅರವತ್ತು ಮೀಟರ್. ಕೈ ಎಳೆದದ್ದು ಬೆನ್ನುಹುರಿ, ಮಿದುಳನ್ನು ಕೇಳದೆ. ಮಿದುಳಿಗೆ ಸುದ್ದಿ ಆಮೇಲೆ ಮುಟ್ಟುತ್ತದೆ.

ಆದರೆ ಇದೇ ಕೈಯಲ್ಲಿ ಬಿಸಿ ಸಾರಿನ ಪಾತ್ರೆ ಇತ್ತು ಅಂದುಕೊಳ್ಳಿರಿ, ಪಕ್ಕದಲ್ಲಿ ಮಗು ಕೂತಿದೆ. ಸುಡುತ್ತಿದ್ದರೂ ಬಿಡುವುದಿಲ್ಲ ನೀವು. ಎರಡು ಹೆಜ್ಜೆ ಹೋಗಿ ಕಟ್ಟೆ ಮೇಲೆ ಇಟ್ಟು ಆಮೇಲೆ ಕೈ ಊದಿಕೊಳ್ಳುತ್ತೀರಿ. "ಎಳಿ" ಅಂತ ಬೆನ್ನುಹುರಿ ಹೇಳುತ್ತಿದೆ, "ತಡಿ" ಅಂತ ಮಿದುಳು ಹಿಡಿದುಕೊಂಡಿದೆ. ಮಿದುಳಿನ ಕೆಲಸದಲ್ಲಿ ದೊಡ್ಡ ಪಾಲು ಈ ತಡಿ ಅನ್ನುವುದೇ. ಅಪ್ಪಣೆ ಕೊಡುವುದು ನಮಗೆ ಕಾಣುತ್ತದೆ, ತಡೆಹಿಡಿಯುವುದು ಕಾಣುವುದಿಲ್ಲ.

ನಿಮ್ಮ ತಂದೆಯವರ ಎಡಗೈಗೆ ಈ ತಡಿ ಅನ್ನುವ ಮಾತೂ ಬರುತ್ತಿಲ್ಲ. ಮೊದಮೊದಲು ಬೆನ್ನುಹುರಿ ಕಂಗಾಲಾಗಿ ಸುಮ್ಮನಿತ್ತು, ಅದಕ್ಕೇ ಜೋಲುತ್ತಿತ್ತು. ಆಮೇಲೆ ಹೇಳುವವರು ಕೇಳುವವರು ಇಲ್ಲದೆ ತನ್ನದೇ ಆಟ ಶುರು ಮಾಡಿತು. ಸ್ನಾಯುವನ್ನು ಸ್ವಲ್ಪ ಎಳೆದರೆ ಸಾಕು, ತಿರುಗಿ ಬಿಗಿಯುತ್ತದೆ. ನೀವು ಬೆರಳನ್ನು ಜೋರಾಗಿ ಬಿಡಿಸಲು ಹೋದಷ್ಟೂ ಅದು ಗಟ್ಟಿಯಾಗುವುದು ಅದಕ್ಕೇ. ನಿಧಾನ ಮಾಡಿರಿ. ಮೊದಲು ಮಣಿಕಟ್ಟನ್ನು ಒಳಗೆ ಬಾಗಿಸಿರಿ, ಆಗ ಬೆರಳು ತಾವೇ ಸಡಿಲವಾಗುತ್ತವೆ. ಆಮೇಲೆ ಹೆಬ್ಬೆರಳು, ಆಮೇಲೆ ಉಳಿದವು. ಇಬ್ಬರು ಬೇಕಾಗುವುದಿಲ್ಲ. ಇಷ್ಟಾದರೂ ಆಗದಿದ್ದರೆ ಬಿಗಿ ಇಳಿಸುವ ಇಂಜೆಕ್ಷನ್ ಇದೆ, ನರರೋಗ ವೈದ್ಯರನ್ನು ಕೇಳಿರಿ.

ಇನ್ನೊಂದು ತಮಾಷೆ ನೋಡಿರಿ. ಅವರ ಎಡ ಅಂಗಾಲಿನ ಹೊರಅಂಚನ್ನು ಹಿಮ್ಮಡಿಯಿಂದ ಮುಂದಕ್ಕೆ ಕೀಲಿಕೈಯಿಂದ ಗೀರಿದರೆ ಹೆಬ್ಬೆರಳು ಮೇಲಕ್ಕೆ ಏಳಬಹುದು. ನಮ್ಮದಾದರೆ ಕೆಳಗೆ ಮಡಚುತ್ತದೆ. ಬಾಬಿನ್‌ಸ್ಕಿ ಅನ್ನುವ ವೈದ್ಯರು 1896ರಲ್ಲಿ ಇದನ್ನು ತೋರಿಸಿಕೊಟ್ಟರು, ಇವತ್ತಿಗೂ ಎಲ್ಲ ಡಾಕ್ಟರೂ ಗೀರಿ ನೋಡುತ್ತಾರೆ. ಇನ್ನೂ ನಡೆಯದ ಕೂಸುಗಳಿಗೂ ಮೇಲೇ ಏಳುತ್ತದೆ. ಮಿದುಳಿನ ದಾರಿ ಪೂರ್ತಿ ಆಗಿರುವುದಿಲ್ಲ ಅಲ್ವಾ, ಅದಕ್ಕೆ.

ಕುಂದಾಪ್ರ_ಅತ್ತಿಗೆ · 3:02

ಇದನ್ನು ಓದಿ ನನಗೆ ಕಣ್ಣು ತುಂಬಿತು. ನಮ್ಮವರಿಗೆ ಎರಡು ಸಲ ಆಗಿದೆ. ಕೈಕಾಲು ಸುಮಾರಾಗಿ ಸರಿಹೋಗಿದೆ. ಆದರೆ ಸುಮ್ಮಸುಮ್ಮನೆ ಅಳುತ್ತಾರೆ. ಟಿವಿಯಲ್ಲಿ ಹವಾಮಾನ ವರದಿ ಬಂದರೂ ಅಳು. ಒಂದು ಸಾವಿನ ಮನೆಯಲ್ಲಿ ಜೋರಾಗಿ ನಕ್ಕುಬಿಟ್ಟರು, ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೇಳಿದರೆ "ನಂಗೆ ದುಃಖವೇ ಇಲ್ಲ ಮಾರಾಯ್ತಿ, ಅಳು ತಾನೇ ಬರುತ್ತೆ" ಅನ್ನುತ್ತಾರೆ. ನಾನು ನಂಬಿರಲಿಲ್ಲ. ಇದೂ ಆ ತಡಿ ಅನ್ನುವುದು ಹೋದದ್ದಾ?

ರಾತ್ರಿಪಾಳಿ · 3:30

ಹೌದು ಅಕ್ಕಾ, ಅದೇ. ಅಳುವುದು, ನಗುವುದು ಎರಡಕ್ಕೂ ಕೆಳಗೆ ತಯಾರಾಗಿ ಕೂತ ಏರ್ಪಾಡಿದೆ, ಮೇಲಿನಿಂದ ಹಿಡಿದುಕೊಂಡಿರುತ್ತದೆ. ಹಿಡಿತ ತಪ್ಪಿದರೆ ಸಣ್ಣದೊಂದು ನೆಪ ಸಾಕು. ಒಳಗೆ ದುಃಖ ಇರಲೇಬೇಕು ಅಂತಿಲ್ಲ. ಇದಕ್ಕೆ ಮಾತ್ರೆ ಇದೆ, ಅನೇಕರಿಗೆ ಚೆನ್ನಾಗಿ ಹಿಡಿಸುತ್ತದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಇದನ್ನೇ ಹೇಳಿ. ಜನ ಹೇಳುವುದೇ ಇಲ್ಲ, ನಾಚಿಕೆ.

ಚಹಾ_ಬ್ರೇಕ್ · 4:10

ನನಗೆ ಕೂತು ಎದ್ದರೆ ಕಾಲು ಜೋಮು ಹಿಡಿಯುತ್ತದೆ. ಇದು ಲಕ್ವದ ಸೂಚನೆಯಾ? ಅಂದ ಹಾಗೆ ಈ ಚರ್ಚೆ ಓದುತ್ತಾ ಐದು ಸಲ ಆಕಳಿಸಿದೆ.

ಪಿಯು_ಮೇಷ್ಟ್ರು · 4:16

ಚಕ್ಕಳಮಕ್ಕಳ ಹಾಕಿ ಕೂತರೆ ನರ ಒತ್ತಿಕೊಂಡು ಜೋಮು ಬರುತ್ತದೆ, ಎದ್ದು ಓಡಾಡಿದರೆ ಹೋಗುತ್ತದೆ. ಒತ್ತಿಕೊಳ್ಳದೆ, ದಿಢೀರನೆ ಒಂದೇ ಕಡೆಯ ಕೈಕಾಲು ಮರಗಟ್ಟಿದರೆ ಮಾತ್ರ ಓಡಿ. ಆಕಳಿಕೆ ಅಂಟುರೋಗ, ಅದಕ್ಕೆ ಮದ್ದಿಲ್ಲ.

ಸಾಗರದ_ಮಗಳು · ರಾತ್ರಿ 9:05

ಮಣಿಕಟ್ಟು ಬಾಗಿಸುವ ಉಪಾಯ ಕೆಲಸ ಮಾಡಿತು. ಇವತ್ತು ನಾನೊಬ್ಬಳೇ ಉಗುರು ತೆಗೆದೆ.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಕೇಳಿಬಿಡುತ್ತೇನೆ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಅಪ್ಪಯ್ಯ ದಿನಾ ಊಟಕ್ಕೆ ಕೂತಾಗ ಗಲಾಟೆ. "ಉಪ್ಪು ಬಡಿಸಿಲ್ಲ, ಉಪ್ಪಿನಕಾಯಿ ಇಲ್ಲ." ಅಮ್ಮ ಎಲೆಯ ಎಡತುದಿಯಲ್ಲಿ ಎರಡೂ ಇಟ್ಟಿರುತ್ತಿದ್ದಳು. ಕಣ್ಣ ಮುಂದೆ ಇದ್ದರೂ ಇಲ್ಲ ಅನ್ನುತ್ತಿದ್ದರು. ಬಲಗಡೆಯ ಅನ್ನ ಮಾತ್ರ ಉಂಡು ಎಡಗಡೆಯದ್ದು ಹಾಗೇ ಬಿಡುತ್ತಿದ್ದರು. ಅರ್ಧ ಎಲೆ ಖಾಲಿ, ಅರ್ಧ ಎಲೆ ತುಂಬಿ, ನಡುವೆ ಗೆರೆ ಎಳೆದ ಹಾಗೆ. ಕಣ್ಣಿನ ಡಾಕ್ಟರಿಗೆ ತೋರಿಸಿದೆವು, ಕಣ್ಣು ಸರಿ ಇದೆ ಅಂದರು. ಈಗ ತುಂಬಾ ಕಡಿಮೆಯಾಗಿದೆ, ಆದರೂ ಎಡಗಡೆಯಿಂದ ಮಾತಾಡಿಸಿದರೆ ಬಲಕ್ಕೆ ತಿರುಗಿ ನೋಡುತ್ತಾರೆ.

ಪಿಯು_ಮೇಷ್ಟ್ರು · 9:30

ಬಾಳೆ ಎಲೆ ಮೇಲೆ ಇಷ್ಟು ಚೆನ್ನಾಗಿ ಕಾಣುತ್ತದೆ ಅಂತ ನನಗೆ ಹೊಳೆದಿರಲಿಲ್ಲ! ಪುಸ್ತಕಗಳಲ್ಲಿ ಗಡಿಯಾರದ ಚಿತ್ರ ಬರೆಸುವುದನ್ನು ಕೊಟ್ಟಿರುತ್ತಾರೆ. ಹನ್ನೆರಡೂ ಅಂಕಿಯನ್ನು ಬಲಗಡೆಯೇ ತುರುಕಿ ಬರೆಯುತ್ತಾರೆ. ಬಲ ಮಿದುಳಿಗೆ ಪೆಟ್ಟಾದವರಲ್ಲಿ ಇದು ಜಾಸ್ತಿ. ಕಣ್ಣು ನೋಡುತ್ತದೆ, ಮಿದುಳು ಎಡಗಡೆಯ ಲೋಕವನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಇಲ್ಲ ಅಂತ ಅವರಿಗೆ ಅನ್ನಿಸುವುದೂ ಇಲ್ಲ. ಎಡಗಡೆ ಇದ್ದದ್ದೇ ಗೊತ್ತಿಲ್ಲದವರು ಎಡಗಡೆ ಕಾಣೆಯಾಗಿದೆ ಅಂತ ಹೇಗೆ ದೂರುತ್ತಾರೆ?

ಫಿಸಿಯೋ_ಹುಬ್ಬಳ್ಳಿ · 9:48

ಮಾತಾಡಿಸುವಾಗ ಎಡಗಡೆಯೇ ಕೂತು ಮಾತಾಡಿಸಿರಿ. ಟಿವಿಯನ್ನು ಸ್ವಲ್ಪ ಎಡಕ್ಕೆ ಸರಿಸಿರಿ. ತಟ್ಟೆಯಾದರೆ ಎಡ ಅಂಚಿಗೆ ಕೆಂಪು ಟೇಪು ಹಚ್ಚಿ "ಕೆಂಪು ಕಾಣುವ ತನಕ ನೋಡ್ರಿ" ಅಂತ ರೂಢಿ ಮಾಡಿಸಿರಿ. ಎಲೆಯನ್ನು ನಡುನಡುವೆ ತಿರುಗಿಸಿದರೂ ಆಯಿತು.

ಸಾಗರದ_ಮಗಳು · 9:55

ಎಲೆ ತಿರುಗಿಸುವುದಾ? ತುದಿ ಬಲಕ್ಕೆ ಬಂದರೆ ಅಮ್ಮ ನನ್ನನ್ನೇ ಮನೆಯಿಂದ ಹೊರಗೆ ಹಾಕುತ್ತಾಳೆ. ತಟ್ಟೆಯೇ ಸರಿ.

ಕೊನೆಗೊಂದು ಪ್ರಶ್ನೆ. ಸುತ್ತಿ ಬಳಸಿ ದಾರಿ ಇದೆ ಅಂದಿರಿ. ಹಾಗಾದರೆ ಆಕಳಿಕೆಯಲ್ಲಿ ಕೈ ಏಳುವುದು ಗುಣವಾಗುವ ಲಕ್ಷಣವಾ? ಸುಳ್ಳು ಸಮಾಧಾನ ಬೇಡ ಅಣ್ಣಾ.

ಫಿಸಿಯೋ_ಹುಬ್ಬಳ್ಳಿ · 10:20

ಇಲ್ಲ ಅಕ್ಕಾ. ಕೆಳಗಿನ ದಾರಿ, ನರ, ಸ್ನಾಯು ಸರಿ ಇವೆ ಅನ್ನುವುದನ್ನು ಮಾತ್ರ ಅದು ಹೇಳುತ್ತದೆ. ಎಂಟು ತಿಂಗಳ ಮೇಲೆ ಬೆರಳು ಒಂದೂ ಅಲುಗುತ್ತಿಲ್ಲ ಅಂದರೆ ಆ ಕೈಯಲ್ಲಿ ಅಡಿಕೆ ಸುಲಿಯುವ ದಿನ ಬರುತ್ತದೆ ಅಂತ ನಾನು ಹೇಳಲಾರೆ. ಆದರೆ ಭುಜ, ಮೊಣಕೈಯಲ್ಲಿ ಸ್ವಲ್ಪ ಸಿಗಬಹುದು. ಆ ಕೈ ತಟ್ಟೆ ಒತ್ತಿ ಹಿಡಿದುಕೊಂಡರೂ ಬಲಗೈಗೆ ಅರ್ಧ ಕೆಲಸ ಕಡಿಮೆ. ಅದಕ್ಕೆ ದಿನಕ್ಕೆ ಹತ್ತು ಸಲ ಸಾಲದು, ನೂರಾರು ಸಲ ಬೇಕು.

ಕನ್ನಡಿ ಇಟ್ಟು ಮಾಡಿಸುವ ಕ್ರಮವನ್ನು ನಿಮ್ಮ ಕಡೆಯ ಫಿಸಿಯೋ ಹತ್ತಿರ ಕೇಳಿರಿ. ಎಡಗೈಯನ್ನು ಕನ್ನಡಿ ಹಿಂದೆ ಇಟ್ಟು, ಬಲಗೈ ಆಡಿಸುತ್ತಾ ಕನ್ನಡಿಯಲ್ಲಿ ನೋಡುವುದು. ಎಡಗೈಯೇ ಆಡುತ್ತಿದೆ ಅನ್ನಿಸುತ್ತದೆ. ಕೈ ಕತ್ತರಿಸಿಹೋದವರಿಗೆ ಇಲ್ಲದ ಕೈ ನೋಯುತ್ತದಲ್ಲ, ಅದಕ್ಕಾಗಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಹುಡುಕಿದ ಉಪಾಯ. ಆಮೇಲೆ ಲಕ್ವದವರಿಗೂ ಬಳಸಿ ನೋಡಿದರು, ಕೆಲವರಿಗೆ ಉಪಯೋಗ ಆಗಿದೆ. ನಿಮ್ಮ ತಂದೆಯವರಿಗೆ ಎಡಗಡೆಯ ಗಮನವನ್ನೂ ಅದು ಎಳೆಯುತ್ತದೆ.

ಒಂದು ಮಾತು ಕಡ್ಡಾಯ. ಎಬ್ಬಿಸುವಾಗ ಆ ಕೈ ಹಿಡಿದು ಎಳೆಯಬೇಡಿರಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿರಿ. ಭುಜದ ಕೀಲು ಸ್ನಾಯುವಿನ ಬಲದಲ್ಲೇ ನಿಂತಿರುವುದು, ಜಾರಿದರೆ ಆ ನೋವು ಬೇರೆ. ಕೂತಾಗ ತೋಳಿನ ಕೆಳಗೆ ದಿಂಬು ಇರಲಿ.

ಹೊಳೆದಂಡೆ · 10:41

ನಾವು ಮಾವನವರನ್ನು ಎರಡು ವರ್ಷ ಆ ಕೈ ಹಿಡಿದೇ ಎಬ್ಬಿಸಿದೆವು. ಭುಜ ನೋವು ಅಂತ ರಾತ್ರಿಯೆಲ್ಲ ನರಳುತ್ತಿದ್ದರು. ಯಾರೂ ಹೇಳಲೇ ಇಲ್ಲ.

ಸಾಗರದ_ಮಗಳು · ಮುಂದಿನ ಭಾನುವಾರ, ಸಂಜೆ 6:20

ಒಂದು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಇಲ್ಲಿ ಬರೆದದ್ದನ್ನೆಲ್ಲ ಜಗುಲಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಮೇಷ್ಟ್ರು ಕೊಟ್ಟ ಹೆಸರನ್ನು ಹೇಳುವಾಗ ನಾನೇ ಎರಡು ಸಲ ತೊದಲಿದೆ. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡು, ಏನೂ ಮಾತಾಡದೆ, ಅಪ್ಪಯ್ಯನಿಗೆ ಕವಳ ಕಟ್ಟಿಕೊಟ್ಟು ಹೋದರು. ನಮ್ಮ ದೊಡ್ಡಪ್ಪನ ಮಟ್ಟಿಗೆ ಅದು ತಪ್ಪಾಯಿತು ಅಂದ ಹಾಗೆ.

ಅಮ್ಮ ಗೋಡೆಗಡಿಯಾರದ ಪಕ್ಕದ ಕನ್ನಡಿ ಇಳಿಸಿಕೊಟ್ಟಿದ್ದಾಳೆ. ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ಕೂರಿಸುತ್ತೇವೆ. ತಟ್ಟೆಗೆ ಕೆಂಪು ಟೇಪು ಹಚ್ಚಿದ್ದೇವೆ. ಉಪ್ಪಿನಕಾಯಿ ಸಿಗುತ್ತಿದೆ.

ಮಗಳಿಗೆ ಈಗ ಹೊಸ ಆಟ. ಅಪ್ಪಯ್ಯ ಅವಳನ್ನು ನಗಿಸಲು ಬೇಕು ಅಂತಲೇ ಬಾಯಿ ಅಗಲಿಸಿ ಆಕಳಿಸಿದ ಹಾಗೆ ಮಾಡುತ್ತಾರೆ. ಕೈ ಏಳುವುದಿಲ್ಲ. "ಅಜ್ಜ, ಇದು ಸುಳ್ಳು ಆಕಳಿಕೆ" ಅಂತ ಇವಳು ಕೂಡಲೇ ಹೇಳಿಬಿಡುತ್ತಾಳೆ. ಆಮೇಲೆ ಅವರ ಎಡಗಡೆ ಹೋಗಿ ಕೂತು ತಾನೇ ಆಕಳಿಸಲು ಶುರು ಮಾಡುತ್ತಾಳೆ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಅವರಿಗೂ ಬಂದೇ ಬರುತ್ತದೆ. ಕೈ ಮೇಲೆ ಬರುತ್ತಿದ್ದ ಹಾಗೆ ಇವಳು ತನ್ನ ಅಂಗೈ ಒಡ್ಡಿ ಅದಕ್ಕೆ ತಟ್ಟುತ್ತಾಳೆ.